ಹಳೆಯ ಕಾಲುವೆ, ಕೊನೆಯ ಹೊಲ

ಕಂಪ್ಲಿಯ ಭತ್ತ, ಬಾಳೆ, ಕಬ್ಬಿಗೆ ವಿಜಯನಗರ ಕಾಲದ ಕಾಲುವೆಗಳು ಇಂದಿಗೂ ತುಂಗಭದ್ರೆಯ ನೀರುಣಿಸುತ್ತಿವೆ. ಹಾಗೆಂದು ಹಳಬರಿಗೇ ಮೊದಲ ಹಕ್ಕೇ?

ತುಂಗಭದ್ರಾ ಜಲಾಶಯ ಮೊದಲು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. ಅದರಲ್ಲೇ ಕರ್ನಾಟಕ, ಆಂಧ್ರ, ತೆಲಂಗಾಣಕ್ಕೆ ಪಾಲು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಮೂರೂ ಕಡೆಯ ರೈತರು ಒಟ್ಟಿಗೇ ನಡುಗಿದರು.

ಜಲಾಶಯ ತುಂಬಿದಾಗ ಮೊರದಲ್ಲಿ ಅರಿಸಿನ, ಕುಂಕುಮ, ಬಳೆ, ಕುಬುಸ ಇಟ್ಟು ಗಂಗಮ್ಮನಿಗೆ ಬಾಗಿನ ಬಿಡುತ್ತಾರೆ. ತಾಯಿ ಎಂದ ಮೇಲೆ ಕೊನೆಯ ಮಗುವಿಗೂ ಪಾಲು ಇರಲೇಬೇಕಲ್ಲ! ಮೇಲ್ಭಾಗದ ರೈತರು ಎರಡನೇ ಬೆಳೆಗೂ ಭತ್ತವನ್ನೇ ನಾಟಿದರೆ ಎಡದಂಡೆ ಕಾಲುವೆಯ ಕೊನೆಯಲ್ಲಿರುವ ರಾಯಚೂರು ಜಿಲ್ಲೆಯ ಹೊಲಗಳು ಒಣಗುತ್ತವೆ. ಅದು ಪೂಜೆಗೆ ಒಪ್ಪುವ ನಡತೆಯಲ್ಲ.

ಅದೇ ತುಂಗಭದ್ರೆಯ ನೀರುಣ್ಣುವ ಕಂಪ್ಲಿಯ ರೈತರೂ ಬೇಸಿಗೆಯಲ್ಲಿ ಕೆಲವು ಗದ್ದೆಗಳಲ್ಲಾದರೂ ಭತ್ತ ಬಿಟ್ಟು ಜೋಳ ಬಿತ್ತಲಿ. ಅಧಿಕಾರಿಗಳು ಕೊನೆಯ ತೂಬಿನವರೆಗೂ ನಡೆದು ನೋಡಲಿ.