ಗುರುತಿಲ್ಲದ ಬೋಲ್ಟು

ಕಾರಿನಲ್ಲಿ ರಬ್ಬರ್ ಬುಷ್ ಅಂತ ಒಂದು ಪಾರ್ಟ್ ಇರುತ್ತದೆ. ಕೊಳ್ಳುವವರು ಅದರ ಬಗ್ಗೆ ಕೇಳುವುದಿಲ್ಲ, ಮಾರುವವರು ಹೇಳುವುದಿಲ್ಲ. ಕಬ್ಬಿಣಕ್ಕೆ ಕಬ್ಬಿಣ ಬಡಿಯದ ಹಾಗೆ ನಡುವೆ ಕೂತು ಏಟು ತಿನ್ನೋದಷ್ಟೇ ಅದರ ಕೆಲಸ. ಹದಿನೈದಿಪ್ಪತ್ತು ವರ್ಷ ಏಟು ತಿಂದ ಮೇಲೆ ರಬ್ಬರ್ ಒಣಗಿ ಬಿರುಕು ಬಿಡುತ್ತದೆ. ಆಗ ಹಂಪ್ ಹತ್ತಿ ಇಳಿದಾಗ ಹಿಂದುಗಡೆ ‘ದಡ್’ ಅನ್ನೋದು, ತಿರುವಿನಲ್ಲಿ ಕಾರಿನ ಹಿಂಭಾಗ ಅರೆಕ್ಷಣ ತಡವಾಗಿ ಬಂತೇನೋ ಅನ್ನಿಸೋದು ಶುರುವಾಗುತ್ತೆ.

ಇಲ್ಲಿ ಡಲ್ಲಾಸ್‌ನಲ್ಲಿ ನನ್ನ ಗೆಳೆಯನೊಬ್ಬನ ಹತ್ತಿರ 2004ರ ಬಿಎಂಡಬ್ಲ್ಯು ಎಂ3 ಇದೆ. ಕಾರು ಹುಚ್ಚಿನವರು ಇ46 ಅಂತ ಕರೆಯೋ ಪೀಳಿಗೆಯದು. ಆ ಎಂ3 ತಯಾರಾಗಿದ್ದು 2000ದಿಂದ 2006ರವರೆಗೆ. ಇದರ ಹಿಂದಿನ ಚಕ್ರಗಳ ತೋಳುಗಳು, ಡಿಫರೆನ್ಷಿಯಲ್ ಎಲ್ಲ ಸಬ್‌ಫ್ರೇಮ್ ಅನ್ನೋ ಒಂದು ಉಕ್ಕಿನ ತೊಟ್ಟಿಲಿನಲ್ಲಿ ಕೂತಿರುತ್ತವೆ. ಆ ತೊಟ್ಟಿಲು ಕಾರಿನ ತಳಕ್ಕೆ ನಾಲ್ಕೇ ನಾಲ್ಕು ಕಡೆ ನೇತಾಡುತ್ತದೆ. ನಾಲ್ಕು ಬೋಲ್ಟು, ನಾಲ್ಕು ಬುಷ್ಷು. ಅದರ ನೇರ ಮೇಲೆ ಹಿಂದಿನ ಸೀಟು. ಅಲ್ಲಿ ಅವನ ಎಂಟು ವರ್ಷದ ಮಗಳು ಕೂರುತ್ತಾಳೆ.

‘ದುಡ್ಡು ಕೊಟ್ಟು ಗ್ಯಾರೇಜಲ್ಲಿ ಮಾಡಿಸಬಾರದಾ?’ ಅಂತ ಊರಿಂದ ಅಮ್ಮ ಕೇಳಿದರು. ಮಾಡಿಸಬಹುದು. ಪಾರ್ಟಿನ ಬೆಲೆ ಕಮ್ಮಿ, ಕೂಲಿ ಜಾಸ್ತಿ ಬೀಳೋ ಕೆಲಸ ಇದು. ಆದರೆ ದುಡ್ಡಿಗಿಂತ ಹೆಚ್ಚಾಗಿ, ದಿನವಿಡೀ ಪರದೆ ಮೇಲೆ ಅಕ್ಷರ ಕುಟ್ಟುವವರಿಗೆ ವಾರಕ್ಕೊಂದು ಸಲ ಕೈಗೆ ಗ್ರೀಸ್ ಹತ್ತಬೇಕು ಅನ್ನಿಸುತ್ತೆ. ಅದನ್ನ ಅಮ್ಮನಿಗೆ ಹೇಳೋಕೆ ಹೋಗಲಿಲ್ಲ.

ಎರಡು ವೀಕೆಂಡ್ ಹಿಡಿಯಿತು. ಕಾರನ್ನು ನಾಲ್ಕು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಸೈಲೆನ್ಸರ್ ಇಳಿಸಿ, ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ, ಬ್ರೇಕ್ ಪೈಪು, ಹ್ಯಾಂಡ್‌ಬ್ರೇಕ್ ಕೇಬಲ್ಲು, ಚಕ್ರದ ಸೆನ್ಸರ್ ವೈರು ಎಲ್ಲ ಕಳಚಿ, ಕೆಳಗೆ ಜಾಕ್ ಕೊಟ್ಟು ತೊಟ್ಟಿಲನ್ನು ನಿಧಾನಕ್ಕೆ ಇಳಿಸಬೇಕು. ಹಳೇ ಬುಷ್ ಕೈಯಲ್ಲಿ ಎಳೆದರೆ ಬರೋದಲ್ಲ. ಉದ್ದದ ಥ್ರೆಡ್ ರಾಡು, ದಪ್ಪ ವಾಷರು, ಲೋಟದ ಥರದ ಒಂದು ಉಕ್ಕಿನ ಕೊಳವೆ ಇಟ್ಟು ಸ್ಪ್ಯಾನರ್ ತಿರುಗಿಸ್ತಾ ಹೋದರೆ ಕಿರುಗುಟ್ಟಿಕೊಂಡು ಹೊರಗೆ ಬರುತ್ತೆ. ಹೊಸದನ್ನು ದಿಕ್ಕು ನೋಡಿ ಕೂರಿಸಬೇಕು. ರಬ್ಬರಿನ ಒಳಗೆ ಬೇಕಂತಲೇ ಬಿಟ್ಟಿರೋ ಖಾಲಿ ಜಾಗಗಳಿರುತ್ತವೆ; ಅಡ್ಡಡ್ಡ ಕೂತರೆ ಮೆತ್ತಗಿರಬೇಕಾದ ಕಡೆ ಗಟ್ಟಿ, ಗಟ್ಟಿ ಇರಬೇಕಾದ ಕಡೆ ಮೆತ್ತಗೆ. ಈ ಪೀಳಿಗೆಯ ಕಾರುಗಳಲ್ಲಿ ಸಬ್‌ಫ್ರೇಮ್ ಹಿಡಿದಿರೋ ತಳದ ತಗಡು ಬಿರುಕು ಬಿಡೋದುಂಟು. ಹಾಗಾಗಿ ಇಳಿಸಿದವರೆಲ್ಲ ಮೊದಲು ಟಾರ್ಚ್ ಹಿಡಿದು ಅಲ್ಲಿ ನೋಡುತ್ತಾರೆ. ನಮ್ಮದು ಚೆನ್ನಾಗಿತ್ತು. ರಬ್ಬರ್ ಹಾಕಬೇಕಾ, ಪಾಲಿಯುರಿಥೇನ್ ಹಾಕಬೇಕಾ, ಅಲ್ಯೂಮಿನಿಯಂ ಹಾಕಬೇಕಾ ಅನ್ನೋದು ದೋಸೆಗೆ ಸಾಗುವಾ ಚಟ್ನಿಯಾ ಅನ್ನೋ ಥರದ ಜಗಳ, ಮುಗಿಯೋದಲ್ಲ. ಗಟ್ಟಿಯಾದಷ್ಟೂ ಹಿಡಿತ ಹೆಚ್ಚು, ಜೊತೆಗೆ ಒಳಗೆ ಕೂತವರ ಕಿವಿಗೆ ಡಿಫರೆನ್ಷಿಯಲ್ಲಿನ ಗುಂಯ್‌ಗುಡುವ ಸದ್ದೂ ಹೆಚ್ಚು. ರಬ್ಬರನ್ನೇ ಹಾಕಿದ್ವಿ.

ನಾನು ಹೇಳೋಕೆ ಹೊರಟಿದ್ದು ಎರಡನೇ ಶನಿವಾರ ರಾತ್ರಿ ಒಂಬತ್ತರ ವಿಷಯ. ಎಲ್ಲ ಜೋಡಿಸಿ, ಸೈಲೆನ್ಸರ್ ವಾಪಸ್ ಹಾಕಿ ಆಗಿತ್ತು. ಟಾರ್ಕ್ ರೆಂಚಿನಲ್ಲಿ ಬಿಗಿ ಮಾಡಿದ ಬೋಲ್ಟಿನ ಮೇಲೆಲ್ಲ ಬಿಳಿ ಪೇಂಟ್ ಪೆನ್ನಿನಲ್ಲಿ ಒಂದು ಗೆರೆ ಎಳೀತಾ ಬಂದಿದ್ವಿ. ಟಾರ್ಚ್ ಹಾಕಿ ನೋಡಿದರೆ ಸಬ್‌ಫ್ರೇಮಿನ ಮೂರು ಬೋಲ್ಟಿಗೆ ಗೆರೆ ಇದೆ, ನಾಲ್ಕನೆಯದಕ್ಕೆ ಇಲ್ಲ. ಅದನ್ನ ಬಿಗಿ ಮಾಡಿದ್ದು ಗೆಳೆಯ. ನಡುವೆ ಅವನಿಗೊಂದು ಫೋನ್ ಬಂದಿತ್ತು.

‘ಮಾಡಿದೀನಿ ಕಣೋ, ಗೆರೆ ಹಾಕೋದು ಮರ್ತಿರಬೇಕು ಅಷ್ಟೆ.’

‘ನೆನಪಿದೆಯಾ?’

‘ಮಾಡದೆ ಇರ್ತೀನಾ?’

ಅದು ನೆನಪಿನ ಉತ್ತರ ಅಲ್ಲ, ನಂಬಿಕೆಯ ಉತ್ತರ. ಸೈಲೆನ್ಸರ್ ಅಡ್ಡ ಇರೋದರಿಂದ ಉದ್ದನೆಯ ಟಾರ್ಕ್ ರೆಂಚ್ ಆ ಸಂದಿಯಲ್ಲಿ ಆಡೋದಿಲ್ಲ. ಮತ್ತೆ ಇಳಿಸಬೇಕು. ಅರ್ಧ ಗಂಟೆ ವಾದ ಮಾಡಿ ಇಳಿಸಿದ್ವಿ. ರೆಂಚ್ ಇಟ್ಟು ಎಳೆದೆ. ಬೋಲ್ಟು ಕೂದಲೆಳೆಯಷ್ಟೂ ತಿರುಗಲಿಲ್ಲ, ರೆಂಚು ‘ಟಕ್’ ಅಂತು. ಮೊದಲೇ ಬಿಗಿ ಇತ್ತು.

‘ನೋಡ್ದಾ? ಎರಡು ಗಂಟೆ ವೇಸ್ಟು!’ ಅಂದ. ಎಲ್ಲ ಮುಗಿಯೋ ಹೊತ್ತಿಗೆ ಹನ್ನೊಂದು ದಾಟಿತ್ತು.

ವೇಸ್ಟಾ? ಇದು ನನ್ನನ್ನು ವಾರಗಟ್ಟಲೆ ಕೊರೆದ ಪ್ರಶ್ನೆ. ಇಳಿಸುವ ಮುಂಚೆಯೂ ಬೋಲ್ಟು ಬಿಗಿ, ಇಳಿಸಿದ ಮೇಲೂ ಬಿಗಿ. ಉಕ್ಕಿನಲ್ಲಿ ಏನೂ ಬದಲಾಗಿಲ್ಲ. ಹಾಗಾದರೆ ಬದಲಾಗಿದ್ದು ಏನು?

ಕನಕದಾಸರ ಬಾಳೆಹಣ್ಣಿನ ಕಥೆ ನಿಮಗೆಲ್ಲ ಗೊತ್ತು. ಯಾರೂ ಇಲ್ಲದ ಕಡೆ ಹೋಗಿ ತಿಂದು ಬಾ ಅಂದರೆ, ದೇವರಿಲ್ಲದ ಜಾಗವೇ ಸಿಗಲಿಲ್ಲ ಅಂತ ಹಣ್ಣು ವಾಪಸ್ ತಂದವರು. ಕಾರಿನ ತಳ ಹೆಚ್ಚುಕಮ್ಮಿ ಅಂಥ ಯಾರೂ ಇಲ್ಲದ ಜಾಗ. ಟೆಕ್ಸಾಸ್‌ನಲ್ಲಿ ಸ್ವಂತ ಬಳಕೆಯ ಕಾರುಗಳಿಗೆ ವರ್ಷಕ್ಕೊಮ್ಮೆ ಇದ್ದ ಸುರಕ್ಷತಾ ತಪಾಸಣೆಯನ್ನು 2025ರ ಜನವರಿಯಿಂದ ತೆಗೆದೇ ಬಿಟ್ಟರು. ಕೆಲವು ಕೌಂಟಿಗಳಲ್ಲಿ ಹೊಗೆ ತಪಾಸಣೆ ಮಾತ್ರ ಉಳಿದಿದೆ. ಜರ್ಮನಿಯಲ್ಲಾದರೆ ಎರಡು ವರ್ಷಕ್ಕೊಮ್ಮೆ ಕಾರು ತಪಾಸಣೆಗೆ ಹೋಗಲೇಬೇಕು. ಇಲ್ಲಿ ನಾನು, ಅವನು, ಟಾರ್ಚು.

ಆದರೆ ಕನಕದಾಸರ ಕಥೆ ನಮ್ಮ ಪ್ರಶ್ನೆಗೆ ಪೂರ್ತಿ ಹೊಂದೋದಿಲ್ಲ. ಗೆಳೆಯ ಕದ್ದು ಏನನ್ನೂ ಮಾಡುತ್ತಿರಲಿಲ್ಲ. ಬೋಲ್ಟು ಬಿಗಿ ಇದೆ ಅಂತ ಮನಸಾರೆ ನಂಬಿದ್ದ. ನಂಬಿಕೆ ನಿಜವೂ ಆಗಿತ್ತು. ಹಾಗೆ ನಂಬೋದೇ ತಪ್ಪಾಗಬಹುದಾ?

ಆಗಬಹುದು ಅಂದವನು ಕ್ಲಿಫರ್ಡ್ ಅನ್ನೋ ಇಂಗ್ಲೆಂಡಿನ ಗಣಿತಜ್ಞ. 1877ರಲ್ಲಿ ನಂಬಿಕೆಯ ನೀತಿಯ ಬಗ್ಗೆ ಒಂದು ಪ್ರಬಂಧ ಬರೆದ. ಅದರಲ್ಲಿ ಒಬ್ಬ ಹಡಗಿನ ಮಾಲೀಕ ಬರುತ್ತಾನೆ. ಹಡಗು ಹಳೆಯದು, ರಿಪೇರಿ ಬೇಕೇನೋ ಅಂತ ಅವನಿಗೆ ಅನುಮಾನ ಇದೆ. ಇಷ್ಟು ಸಲ ಹೋಗಿ ಬಂದಿದೆ, ಈ ಸಲವೂ ಬರುತ್ತೆ ಅಂತ ಆ ಅನುಮಾನವನ್ನು ತಾನೇ ಸಮಾಧಾನ ಮಾಡಿ ಮಲಗಿಸುತ್ತಾನೆ. ವಲಸೆ ಹೊರಟ ಸಂಸಾರಗಳನ್ನು ಹತ್ತಿಸಿ ಕಳಿಸುತ್ತಾನೆ. ಹಡಗು ಮುಳುಗುತ್ತೆ, ಇವನು ವಿಮೆ ಹಣ ತಗೋತಾನೆ. ಅಲ್ಲಿಗೆ ನಿಲ್ಲಿಸಿದ್ದರೆ ಅದೊಂದು ಮಾಮೂಲಿ ನೀತಿಕಥೆ. ಕ್ಲಿಫರ್ಡ್ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ: ಹಡಗು ಮುಳುಗದೆ ಸುಖವಾಗಿ ದಡ ಸೇರಿದ್ದರೂ ಮಾಲೀಕನ ತಪ್ಪು ಒಂದು ಗುಲಗಂಜಿಯಷ್ಟೂ ಕಮ್ಮಿಯಾಗೋದಿಲ್ಲ ಅನ್ನುತ್ತಾನೆ. ತಪ್ಪು ಮುಳುಗಿದ್ದರಲ್ಲಿಲ್ಲ, ಹಾಗೆ ನಂಬೋ ಹಕ್ಕು ಅವನಿಗೆ ಇಲ್ಲದೆ ಹೋದದ್ದರಲ್ಲಿದೆ.

ಕಾಲೇಜಿನಲ್ಲಿ ಇದನ್ನ ಯಾರಾದರೂ ಹೇಳಿದ್ದರೆ ಅತಿಯಾಯ್ತು ಅಂತಿದ್ದೆ. ಬಿ.ಇ. ಓದುವಾಗ ನಮಗೆ ಔಟ್‌ಪುಟ್ ಸರಿ ಬಂದರೆ ಮುಗೀತು. ಈಗ ಕೆಲಸದಲ್ಲಿ ನೋಡಿ. ಒಂದು ಟೆಸ್ಟ್ ಒಮ್ಮೆ ಫೇಲ್, ಒಮ್ಮೆ ಪಾಸ್. ಫ್ಲೇಕಿ ಅಂತ ಹೆಸರಿಟ್ಟು, ಹಸಿರು ಬರೋವರೆಗೆ ಮತ್ತೆ ಮತ್ತೆ ರನ್ ಮಾಡಿ ಮರ್ಜ್ ಮಾಡ್ತೀವಿ. ಹತ್ತರಲ್ಲಿ ಒಂಬತ್ತು ಸಲ ಏನೂ ಆಗೋದಿಲ್ಲ. ಆ ಒಂಬತ್ತು ಸಲವೂ ನಾವು ಆ ಹಡಗಿನ ಮಾಲೀಕರೇ.

ಹಾಗಂತ ಎಲ್ಲವನ್ನೂ ಬಿಚ್ಚಿ ನೋಡೋಕಾಗುತ್ತಾ ಅಂತ ಗೆಳೆಯ ಕೇಳಿದ. ಇಲ್ಲ. ಆಫೀಸಿನ ಲಿಫ್ಟು, ಬಿಎಂಟಿಸಿ ಬಸ್ಸು, ವಿಮಾನ ಯಾವುದರ ಬೋಲ್ಟನ್ನೂ ನಾನು ನೋಡಿಲ್ಲ, ನೋಡದೇ ಹತ್ತುತ್ತೇನೆ. ಅದರಲ್ಲಿ ತಪ್ಪೂ ಕಾಣೋದಿಲ್ಲ. ಈ ಕೆಲಸವನ್ನೇ ಗ್ಯಾರೇಜಿಗೆ ಕೊಟ್ಟಿದ್ದರೆ ಆ ನಾಲ್ಕನೇ ಬೋಲ್ಟಿನ ಬಗ್ಗೆ ನಾವು ಯೋಚನೆಯನ್ನೇ ಮಾಡುತ್ತಿರಲಿಲ್ಲ. ದುಡ್ಡು ಕೊಟ್ಟಾಗ ಕೂಲಿಯ ಜೊತೆಗೆ ಈ ಯೋಚನೆ ಮಾಡದೆ ಇರೋ ಸೌಕರ್ಯವನ್ನೂ ಕೊಳ್ಳುತ್ತೇವೆ. ಅದು ಮೋಸ ಅಲ್ಲ. ಆದರೆ ಅವತ್ತು ರಾತ್ರಿ ಅನುಮಾನ ನಮ್ಮ ಕಣ್ಣ ಮುಂದೆ, ಗೆರೆಯಿಲ್ಲದ ಬೋಲ್ಟಿನ ರೂಪದಲ್ಲಿ ಕೂತಿತ್ತು. ನೋಡಿದ ಮೇಲೆ ನೋಡಿಲ್ಲ ಅನ್ನೋಕಾಗೋದಿಲ್ಲ. ಲಿಫ್ಟಿಗೂ ಈ ಬೋಲ್ಟಿಗೂ ಇರೋ ವ್ಯತ್ಯಾಸ ಅಷ್ಟೇ.

ನಮ್ಮೂರಲ್ಲಿ ಅಜ್ಜ ಸಂತೆಗೆ ಗಾಡಿ ಹೂಡಿದಾಗೆಲ್ಲ ಹೊರಡೋ ಮುಂಚೆ ಕಡಾಣಿಗೆ, ಅಂದರೆ ಚಕ್ರ ಕಳಚದ ಹಾಗೆ ಅಚ್ಚಿನ ತುದಿಗೆ ಹಾಕೋ ಕೀಲಿಗೆ, ಕಲ್ಲಿನಿಂದ ಒಂದು ಏಟು ಹಾಕುತ್ತಿದ್ದರು. ಅದು ಸಡಿಲ ಆಗಿದ್ದನ್ನು ನಾನೊಮ್ಮೆಯೂ ನೋಡಲಿಲ್ಲ. ಹಿಂದೆ ಹುಲ್ಲಿನ ಮೇಲೆ ಕೂತಿದ್ದ ನಾವು ಮೊಮ್ಮಕ್ಕಳು ಅದೊಂದು ಶಾಸ್ತ್ರ ಅಂದುಕೊಂಡಿದ್ವಿ. ಅಪ್ಪ, ಅಮ್ಮ ಯಾರೂ ಅಜ್ಜನನ್ನು ಗಾಡಿ ಸರಿಯಿದೆಯಾ ಅಂತ ಕೇಳಿದ್ದಿಲ್ಲ. ಗೆಳೆಯನ ಮಗಳೂ ಕೇಳೋದಿಲ್ಲ. ಬಾಗಿಲು ತೆಗೆದರೆ ಹತ್ತಿ ಕೂತು ಬೆಲ್ಟ್ ಹಾಕ್ಕೋತಾಳೆ. ಅವಳು ಹತ್ತುವಾಗ ನಾವು ಬಾಯಿ ಬಿಡದೆಯೇ ಒಂದು ಮಾತು ಕೊಟ್ಟಿರುತ್ತೇವೆ. ಇಳಿಸದೇ ಬಿಟ್ಟಿದ್ದರೆ ಆ ಮಾತು ನಿಜವಾಗುತ್ತಿತ್ತು, ಆದರೆ ಅದೃಷ್ಟದಿಂದ. ಆ ಎರಡು ಗಂಟೆಯಲ್ಲಿ ಬದಲಾಗಿದ್ದು ಇದು ಅಂತ ನನಗನ್ನಿಸುತ್ತೆ.

ಗೆಳೆಯ ಇನ್ನೂ ಒಪ್ಪಿಲ್ಲ. ಅವನ ವಾದದಲ್ಲೂ ತೂಕ ಇದೆ. ಆ ಶನಿವಾರ ರಾತ್ರಿ ಮಗಳ ಜೊತೆ ಕೂತು ಸಿನಿಮಾ ನೋಡ್ತೀನಿ ಅಂತ ಅವನು ಹೇಳಿದ್ದ. ಅದು ಬಾಯಿ ಬಿಟ್ಟು ಕೊಟ್ಟ ಮಾತು. ನಾವು ಕೈ ತೊಳೆದು ಒಳಗೆ ಹೋದಾಗ ಅವಳು ರಿಮೋಟ್ ಹಿಡಿದುಕೊಂಡೇ ಸೋಫಾ ಮೇಲೆ ನಿದ್ದೆ ಹೋಗಿದ್ದಳು.