ರೊಟ್ಟಿ ಬಡಿಯುವ ಕೈ

ಹಳೆಯದನ್ನು ಉಳಿಸಿಕೊಳ್ಳಬೇಕೆಂಬ ಮಾತಿಗೆ ಸಭೆಯಲ್ಲಿ ಯಾರೂ ಎದುರಾಡುವುದಿಲ್ಲ. ಆದರೆ ಯಾವುದನ್ನು ಉಳಿಸಬೇಕು, ಯಾರು ಉಳಿಸಬೇಕು, ಯಾರ ದುಡಿಮೆಯಿಂದ ಉಳಿಸಬೇಕು ಎಂದು ಕೇಳಿದೊಡನೆ ಮಾತು ತೊಡರುತ್ತದೆ. ಊಟದ ವಿಷಯದಲ್ಲಂತೂ ಈ ತೊಡಕು ಇನ್ನೂ ಹೆಚ್ಚು. ಏಕೆಂದರೆ ಅಲ್ಲಿ ಉಂಡು ಹೊಗಳುವವನು ಒಬ್ಬನಾದರೆ, ಒಲೆಯ ಮುಂದೆ ಕುಳಿತು ಮಾಡುವವಳು ಇನ್ನೊಬ್ಬಳು.

ಈ ಪ್ರಶ್ನೆ ನಮ್ಮೊಬ್ಬರದೇ ಅಲ್ಲ. 1986ರಲ್ಲಿ ರೋಮ್ ನಗರದ ಹಳೆಯ ಚೌಕವೊಂದರಲ್ಲಿ ಅಮೇರಿಕೆಯ ಮ್ಯಾಕ್‌ಡೊನಾಲ್ಡ್ಸ್ ಉಪಾಹಾರಗೃಹ ತೆರೆದಾಗ ಇಟಲಿಯ ಜನ ಪ್ರತಿಭಟಿಸಿದರು. ಕಾರ್ಲೊ ಪೆಟ್ರಿನಿಯವರ ಮುಂದಾಳುತನದಲ್ಲಿ 'ಸ್ಲೋ ಫುಡ್' ಎಂಬ ಚಳವಳಿ ಬೆಳೆದು, 1989ರಲ್ಲಿ ಪ್ಯಾರಿಸ್ಸಿನಲ್ಲಿ ತನ್ನ ಧ್ಯೇಯಗಳನ್ನು ಸಾರಿತು. ಅವಸರದ ಊಟ ಬೇಡ, ನೆಲದ ರುಚಿ ಉಳಿಯಲಿ ಎಂಬುದು ಅದರ ಹುರುಳು. ನೇಪಲ್ಸಿನ ಪಿಜ್ಜಾ ಮಾಡುವವರ ಕೈಚಳಕವನ್ನು 2017ರಲ್ಲಿ ಯುನೆಸ್ಕೊ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಮಾನ್ಯವಾದದ್ದು ತಿನಿಸಲ್ಲ, ಅದನ್ನು ಮಾಡುವ ಕಲೆ ಎಂಬುದು ಗಮನಿಸತಕ್ಕ ಮಾತು.

ಇನ್ನು ನಮ್ಮ ಕುಂದಗೋಳದ ಎರೆ ಸೀಮೆಗೆ ಬರೋಣ. ಇಲ್ಲಿಯ ಊಟವೆಂದರೆ ಬಿಳಿಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಶೇಂಗಾ ಹಿಂಡಿ. ಇದು ಅನಾದಿ ಕಾಲದ್ದೆಂದು ನಾವು ಬಗೆಯುತ್ತೇವೆ. ಆದರೆ ಮೆಣಸಿನಕಾಯಿಯೂ ಶೇಂಗಾವೂ ಅಮೇರಿಕಾ ಖಂಡದವು. ಪೋರ್ಚುಗೀಸರು ಈ ನಾಡಿಗೆ ಬಂದ ಮೇಲೆ ಬಂದವು. ಇಟಲಿಯವರ ಟೊಮೆಟೊ ಕೂಡ ಅಲ್ಲಿಂದಲೇ ಬಂದದ್ದು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಯ ಪೂರ್ವಿಕರು ಸಮುದ್ರ ದಾಟಿ ಬಂದ ಪರದೇಶಿಗಳೇ. ಹೊರಗಿನಿಂದ ಬಂದದ್ದೆಲ್ಲ ಕೆಡುಕೆಂದರೆ ನಮ್ಮ ತಾಟು ಅರ್ಧ ಬರಿದಾದೀತು. ಬಂದದ್ದನ್ನು ನಮ್ಮದಾಗಿಸಿಕೊಂಡ ಬಗೆಯೇ ನಮ್ಮ ಸಂಪ್ರದಾಯ.

ಹಳೆಯ ಊಟವೆಲ್ಲ ಆರೋಗ್ಯಕರ ಎಂಬ ಮಾತನ್ನೂ ತೂಗಿ ನೋಡಬೇಕು. ಉತ್ತರ ಇಟಲಿಯ ಬಡ ರೈತರು ಬರಿಯ ಮೆಕ್ಕೆಜೋಳದ ಅಂಬಲಿಯನ್ನೇ ಉಂಡು ಪೆಲಾಗ್ರ ಎಂಬ ರೋಗದಿಂದ ನವೆದರು. ದಖ್ಖನಿನ ಬಡವರಲ್ಲಿ, ಬರಿಯ ಜೋಳವನ್ನೇ ನೆಚ್ಚಿ ಬದುಕಿದವರಲ್ಲಿ ಅದೇ ರೋಗವನ್ನು ಡಾ. ಸಿ. ಗೋಪಾಲನ್ ಮತ್ತು ಅವರ ಸಂಗಡಿಗರು 1960ರ ಸುಮಾರಿಗೆ ಹೈದರಾಬಾದಿನಲ್ಲಿ ಅಭ್ಯಸಿಸಿದರು. ಬೇಳೆ, ಕಾಳು, ಸೊಪ್ಪು, ಮಜ್ಜಿಗೆ ಜೊತೆಗಿದ್ದರೆ ಜೋಳ ಒಳ್ಳೆಯ ಆಹಾರ. ಏನೂ ಇಲ್ಲದವನಿಗೆ ಅದು ಬಡತನದ ಇನ್ನೊಂದು ಹೆಸರು. ಅಂಥವನ ಮನೆಗೆ 2013ರಿಂದ ಅನ್ನಭಾಗ್ಯದ ಅಕ್ಕಿ ಬಂದಾಗ, ಅವನು ಅನ್ನ ಉಂಡು ಸಂಸ್ಕೃತಿ ಕೆಡಿಸಿದನೆಂದು ಹೊಟ್ಟೆ ತುಂಬಿದವರು ಹೇಳಬಹುದೆ? ಅಷ್ಟೇ ಅಲ್ಲ, ಜೋಳ ಬಿತ್ತಿ ಬೆಳೆದವನನ್ನೇ ಪಂಕ್ತಿಯಿಂದ ಹೊರಗಿಟ್ಟದ್ದೂ ನಮ್ಮ ಹಳೆಯ ಊಟದ ಪದ್ಧತಿಯೇ. ಅದನ್ನು ಉಳಿಸಬೇಕಾಗಿಲ್ಲ.

ಈಗ ಮುಖ್ಯ ಮಾತು. ಗೋದಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಆದ್ದರಿಂದ ಕುದಿಯುವ ನೀರು ಹೊಯ್ದು ಹಿಟ್ಟು ನಾದಬೇಕು. ಅಂಗೈಯಿಂದ ತಿರುತಿರುವಿ ಬಡಿಯಬೇಕು. ಹಂಚಿಗೆ ಹಾಕಿ ಮೇಲೆ ನೀರು ಸವರಬೇಕು. ಸ್ವಲ್ಪ ತಪ್ಪಿದರೆ ಅಂಚು ಸೀಳುತ್ತದೆ. ಇದು ವರ್ಷಗಟ್ಟಲೆ ಸಾಧನೆಯಿಂದ ಬರುವ ವಿದ್ಯೆ. ಇದೇ ಕುಂದಗೋಳದಲ್ಲಿ ಸವಾಯಿ ಗಂಧರ್ವರು ಸಂಗೀತ ಕಲಿಸಿದರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಕಲಿತರು. ಭೀಮಸೇನ ಜೋಶಿಯವರು ಗುರುಗಳ ಮನೆಯಲ್ಲಿ ಸೇವೆ ಮಾಡುತ್ತ ಕಲಿತರು. ಆ ವಿದ್ಯೆ ಉಳಿಯಿತು. ಕಲಿಯುವವರು ಬಯಸಿ ಬಂದರು, ಕಲಿತವರಿಗೆ ಮನ್ನಣೆ ದೊರೆಯಿತು. ರೊಟ್ಟಿಯ ವಿದ್ಯೆಯನ್ನು ಮಾತ್ರ ನಾವು ವಿದ್ಯೆಯೆಂದು ಎಣಿಸಲೇ ಇಲ್ಲ; ಹೆಣ್ಣಾಗಿ ಹುಟ್ಟಿದ್ದಕ್ಕೆ ತೆರಬೇಕಾದ ತೆರಿಗೆಯೆಂದು ಭಾವಿಸಿದೆವು. ಹೀಗಿರುವಲ್ಲಿ, ಕಾಲೇಜಿಗೋ ಕಚೇರಿಗೋ ಹೊರಟ ಸೊಸೆ 'ಇವತ್ತು ಅನ್ನ ಮಾಡತೇನ್ರಿ ಅತ್ತಿ' ಎಂದರೆ, ಸಂಸ್ಕೃತಿ ಹಾಳಾಯಿತೆಂದು ನಿಟ್ಟುಸಿರಿಡುವ ಅಧಿಕಾರ ನಮಗೆಲ್ಲಿಯದು?

ಇದಕ್ಕೊಂದು ಪೂರ್ವನಿದರ್ಶನವಿದೆ. ಹಿಟ್ಟಿನ ಗಿರಣಿ ಬಂದು ಬೀಸುಕಲ್ಲು ಮೂಲೆ ಸೇರಿತು. ಜೊತೆಗೆ ಬೀಸುವ ಹಾಡೂ ಬಾಯಿಂದ ಮರೆಯಾಯಿತು. ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿ ಅಂಥ ಹಾಡುಗಳಲ್ಲಿ ಕೆಲವನ್ನಾದರೂ ಉಳಿಸಿಕೊಟ್ಟರು. ನಷ್ಟವಾದದ್ದು ನಿಜ. ಆದರೂ ಆ ಹಾಡಿಗಾಗಿ ನಮ್ಮ ತಾಯಂದಿರು ಮತ್ತೆ ಬೆಳಗಿನ ಜಾವ ಕಲ್ಲು ತಿರುವಲಿ ಎಂದು ಮನುಷ್ಯತ್ವವುಳ್ಳ ಯಾರೂ ಹೇಳಲಾರರು.

ಹಾಗಾದರೆ ಕೈಕಟ್ಟಿ ಕೂಡಬೇಕೆ? ಬೇಕಾಗಿಲ್ಲ. ರೊಟ್ಟಿ ಬೇಕೆನ್ನುವವರು ಅದರ ಭಾರದಲ್ಲಿ ಪಾಲು ತೆಗೆದುಕೊಳ್ಳಲಿ. ಗಂಡಸರು ಹಂಚಿನ ಮುಂದೆ ಕುಳಿತು ಕಲಿಯಲಿ. ಕೈ ಸುಟ್ಟೀತು, ಆದರೆ ಮಾತು ಹದಕ್ಕೆ ಬಂದೀತು. ಹುಬ್ಬಳ್ಳಿ-ಧಾರವಾಡಗಳಲ್ಲಿ ಎಷ್ಟೋ ಹೆಣ್ಣುಮಕ್ಕಳು ಕಡಕ್ ರೊಟ್ಟಿ ಮಾಡಿ ಮಾರಿ ಸಂಸಾರ ನಡೆಸುತ್ತಾರೆ. ಪಿಜ್ಜಾಕ್ಕೆ ನೂರಾರು ರೂಪಾಯಿ ಎಣಿಸಿ ಕೊಡುವ ಕೈ ಅವರ ಮುಂದೆ ಚೌಕಾಸಿಗೆ ಇಳಿಯದಿರಲಿ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ವರ್ಷ ಮುಗಿದರೂ ಜೋಳ ಬಿತ್ತುವ ರೈತನಿಗೆ ಹೊಟ್ಟೆ ತುಂಬುವಷ್ಟು ಬೆಲೆ ಸಿಗಬೇಕು.

ಮನಸ್ಸಿಟ್ಟು ಕಲಿತು, ಮನ್ನಣೆ ಪಡೆದು ಬಡಿಯುವ ಕೈ ಇದ್ದರೆ ರೊಟ್ಟಿ ಉಳಿದೀತು. ಅಂಥ ಕೈಗಳು ಕಡಿಮೆಯಾಗಿ, ದಿನದ ರೊಟ್ಟಿ ವಾರಕ್ಕೊಮ್ಮೆಯ ರೊಟ್ಟಿಯಾದರೆ ಅದನ್ನೂ ಒಪ್ಪಿಕೊಳ್ಳೋಣ. ಒಬ್ಬಳ ಬೇಸರವನ್ನು ಬಡಿದು ಮಾಡಿದ ರೊಟ್ಟಿಗಿಂತ, ಎಲ್ಲರೂ ಕೂಡಿ ಮಾಡಿ, ಒಂದೇ ಸಾಲಿನಲ್ಲಿ ಕುಳಿತು ಉಂಡ ಅನ್ನ ಮೇಲು.