ಪ್ರತಿಕೃತಿ ಮತ್ತು ಸುಳ್ಳು

೧೮ನೆಯ ಶತಮಾನದ ಇಂಗ್ಲೆಂಡಿನಲ್ಲಿ ತಯಾರಾದ ಗಾಜಿನ ಪಾನಪಾತ್ರೆಗಳಿಗೆ ಇಂದು ಬಹಳ ಬೆಲೆಯಿದೆ. ಬೆಲೆಯಿರುವಲ್ಲಿ ನಕಲು ಹುಟ್ಟುವುದು ಲೋಕದ ರೂಢಿ. ಹಳೆಯದನ್ನು ಅದರ ಅನುಕರಣದಿಂದ ಬೇರ್ಪಡಿಸುವ ಬಗೆಯನ್ನು ವಿಚಾರಿಸಹೊರಟರೆ ಒಂದು ನೈತಿಕ ಪ್ರಶ್ನೆಯೂ ನಮಗೆ ಎದುರಾಗುತ್ತದೆ.

ಬಲ್ಲವರು ಮೊದಲು ಪಾತ್ರೆಯನ್ನು ಮಗುಚಿ ಅದರ ಪಾದವನ್ನು ನೋಡುತ್ತಾರೆ. ಬಾಯಂಚನ್ನು ತಿದ್ದುವಾಗ ಹಿಡಿತಕ್ಕೆಂದು ಅಂಟಿಸಿದ್ದ ಕಬ್ಬಿಣದ ಸಲಾಕೆಯನ್ನು ಮುರಿದು ತೆಗೆದ ಗುರುತು ಅಲ್ಲಿ ಒರಟಾಗಿ ಉಳಿದಿರುವುದುಂಟು. ಪಾದವು ಸಾಮಾನ್ಯವಾಗಿ ಬಟ್ಟಲಿನ ಬಾಯಿಯಷ್ಟಾದರೂ ಅಗಲವಾಗಿರುತ್ತದೆ. ಜಾರ್ಜ್ ರೇವನ್ಸ್‌ಕ್ರಾಫ್ಟ್ ಎಂಬಾತ ೧೬೭೪ರಲ್ಲಿ ಸನ್ನದು ಪಡೆದು ರೂಢಿಗೆ ತಂದ ಸೀಸದ ಗಾಜು, ಬೆರಳಿನಿಂದ ಮೆಲ್ಲನೆ ತಟ್ಟಿದರೆ ದೀರ್ಘವಾಗಿ ನಾದಗೊಡುತ್ತದೆ. ಆದರೆ ಸೀಸವನ್ನೂ ಸಲಾಕೆಯ ಗುರುತನ್ನೂ ಅನುಕರಿಸಬಹುದು. ಒಂದೇ ಲಕ್ಷಣವನ್ನು ನಂಬಿದವನು ಮೋಸಹೋಗುತ್ತಾನೆ. ಪಾದದ ಕೆಳಗಿನ ಗೀರುಗಳನ್ನೂ ನೋಡಬೇಕು. ಎಷ್ಟೋ ಕೈಗಳು ಎಷ್ಟೋ ವರ್ಷ ಮೇಜಿನ ಮೇಲಿಟ್ಟು ತೆಗೆದುದರಿಂದಾದ ಗೀರುಗಳು ದಿಕ್ಕುದಿಕ್ಕಿಗೆ ಹರಿದಿರುತ್ತವೆ. ಕಲ್ಲಿನ ಮೇಲೆ ಉಜ್ಜಿ ಮಾಡಿದವು ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಓಡುತ್ತವೆ.

ಹಾಗಾದರೆ ಪ್ರತಿಕೃತಿಯೇ ಸುಳ್ಳೆ? ನಮಗೆ ಹಾಗೆ ತೋರುವುದಿಲ್ಲ. ಹಳೆಯ ಮಾದರಿಯನ್ನು ಮೆಚ್ಚಿ ಹೊಸದನ್ನು ಮಾಡಿ, ಹೊಸದೆಂದೇ ಮಾರಿದ ಕುಶಲಕರ್ಮಿ ನಿರ್ದೋಷಿ. ಅದೇ ಪಾತ್ರೆಯನ್ನು ಮುಂದೊಬ್ಬನು ಕಲ್ಲಿಗೆ ಉಜ್ಜಿ ಪುರಾತನವೆಂದಾಗ ಸುಳ್ಳು ಹುಟ್ಟಿತು.

ಇದಕ್ಕೆ ವಿಪರೀತವಾದ ಉದಾಹರಣೆಯೂ ಉಂಟು. ಗಡೀಪಾರಾದ ಸ್ಟುವರ್ಟ್ ರಾಜವಂಶದ ಪಕ್ಷಪಾತಿಗಳಾದ ಜಾಕೊಬೈಟರು ತಮ್ಮ ಪಾನಪಾತ್ರೆಗಳ ಮೇಲೆ ಗುಲಾಬಿಯ ಚಿತ್ರವನ್ನು ಕೆತ್ತಿಸುತ್ತಿದ್ದರು. ೧೭೪೬ರ ಕಲೋಡನ್ ಯುದ್ಧದಲ್ಲಿ ಅವರ ಆಸೆ ಮುರಿಯಿತು. ಕಾಲಾಂತರದಲ್ಲಿ ಆ ಪಾತ್ರೆಗಳಿಗೆ ಬೆಲೆ ಬಂದಾಗ, ನಿಜವಾಗಿಯೂ ಹಳೆಯದಾದ ಬರಿಯ ಪಾತ್ರೆಗಳ ಮೇಲೆ ಹೊಸ ಗುಲಾಬಿಯನ್ನು ಕೆತ್ತಿ ಮಾರಿದವರಿದ್ದರು. ಅಲ್ಲಿ ಗಾಜು ನಿಜ, ವಯಸ್ಸು ನಿಜ, ಸಲಾಕೆಯ ಗುರುತೂ ನಿಜ. ಹೇಳಿದ ಕಥೆ ಮಾತ್ರ ಸುಳ್ಳು.

ಕೊಂಡವನು ಸಂತೋಷದಿಂದಿದ್ದರೆ ನಷ್ಟವೇನೆಂದು ಕೇಳುವವರುಂಟು. ನಷ್ಟ ಅವನೊಬ್ಬನದೇ ಅಲ್ಲ. ಬರಿದಾಗಿದ್ದ ಪಾತ್ರೆ ತನ್ನ ಸ್ವಂತ ಚರಿತ್ರೆಯನ್ನು ಕಳೆದುಕೊಂಡಿತು. ಅದನ್ನು ಮರಳಿ ತರಲಾಗದು. ನಿಜವಾದ ಗುಲಾಬಿಯುಳ್ಳ ಪಾತ್ರೆಯನ್ನೂ ಇಂದು ಸಂದೇಹದಿಂದಲೇ ನೋಡಬೇಕಾಗಿದೆ. ಸುಳ್ಳಿನ ದಂಡವನ್ನು ಸತ್ಯವೇ ತೆರುತ್ತದೆ.

ಗುರುವಿನ ಅಕ್ಷರವನ್ನು ನೋಡಿ ತಿದ್ದುವ ಬಾಲಕನನ್ನು ನಾವು ಮೆಚ್ಚುತ್ತೇವೆ, ಅದು ವಿದ್ಯೆ. ಅದೇ ಅಕ್ಷರದಲ್ಲಿ ಗುರುವಿನ ಸಹಿ ಹಾಕಿದರೆ ಅದು ವಂಚನೆ. ಕೈಚಳಕ ಎರಡರಲ್ಲಿಯೂ ಒಂದೇ. ಆದುದರಿಂದ ಅನುಕರಿಸುವುದಕ್ಕೆ ನಾವು ಅಂಜಬೇಕಾಗಿಲ್ಲ; ಅನುಕರಿಸಿದುದನ್ನು ಅನುಕರಿಸಿದ್ದೆಂದು ಹೇಳಲು ಅಂಜಬಾರದು, ಅಷ್ಟೆ.